ಹುತ್ತದೊಳಗಿನ ತೋಟ: ತಿನ್ನುವ ಅಣಬೆಯ ಟಿಪ್ಪಣಿ

ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಕೊಡಗಿನ ಮನೆಗಳಲ್ಲಿ ಕುಮ್ಮು ಕರಿಯ ಮಾತು ಶುರು. ಕುಮ್ಮು ಅಂದರೆ ಕೊಡವರ ಮಾತಿನಲ್ಲಿ ಅಣಬೆ. ಶಿಲೀಂಧ್ರದ ಪಾಠ ಓದುವವರು ಇದನ್ನೇ ನೆನಪಿನಲ್ಲಿ ಇಟ್ಟುಕೊಂಡು ಓದಿ, ಬೇಗ ತಲೆಗೆ ಹತ್ತುತ್ತದೆ.

ಅಣಬೆ ಗಿಡವಲ್ಲ, ಶಿಲೀಂಧ್ರ. ಪತ್ರಹರಿತ್ತು ಇಲ್ಲ, ತನ್ನ ಊಟ ತಾನೇ ಮಾಡಿಕೊಳ್ಳಲಾರದು. ನಾವು ಕೀಳುವ ಕೊಡೆ ಹಣ್ಣಿದ್ದ ಹಾಗೆ. ಅದರ ಮರ ಬಿಳಿ ನೂಲಿನ ಬಲೆಯಾಗಿ ಒಳಗೇ ಹಬ್ಬಿರುತ್ತದೆ.

ಕಾಫಿ ತೋಟದ ಅಂಚಿನಲ್ಲಿ ಏಳುವ ಹುತ್ತದ ಅಣಬೆಯನ್ನು ಸುಮ್ನೆ ಎಳೆದರೆ ಅರ್ಧಕ್ಕೇ ತುಂಡಾಗುತ್ತದೆ. ಕೋಲಿನಿಂದ ಮೆಲ್ಲಗೆ ಮಣ್ಣು ಬಿಡಿಸಿ ನೋಡಿ. ಬೇರಿನಂಥ ಉದ್ದನೆಯ ಬಾಲ ಕೆಳಗಿಳಿಯುತ್ತಾ ಹೋಗುತ್ತದೆ. ಅದರ ತುದಿ ಇರುವುದು ಗೆದ್ದಲಿನ ಗೂಡಿನಲ್ಲಿ! ಗೆದ್ದಲು ಒಣ ಎಲೆ, ಕಟ್ಟಿಗೆ ತಿಂದು, ಹಿಕ್ಕೆಯಿಂದ ಸ್ಪಂಜಿನಂಥ ಗುಡ್ಡೆ ಕಟ್ಟಿ, ಅದರ ಮೇಲೆ ಈ ಶಿಲೀಂಧ್ರ ಬೆಳೆಸುತ್ತದೆ. ಶಿಲೀಂಧ್ರ ಕಟ್ಟಿಗೆಯ ಗಟ್ಟಿ ನಾರನ್ನು ಮೆತ್ತಗೆ ಮಾಡಿಕೊಡುತ್ತದೆ, ಗೆದ್ದಲು ಅದನ್ನು ಉಣ್ಣುತ್ತದೆ. ಈ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷ ವಯಸ್ಸು. ನನಗಂತೂ ಇಡೀ ಪಾಠದಲ್ಲಿ ಇದಕ್ಕಿಂತ ಚೆಂದದ ವಿಷಯ ಸಿಕ್ಕಿಲ್ಲ. ಕುಲದ ಹೆಸರು ಟರ್ಮಿಟೊಮೈಸಿಸ್. ಇದೇ ಕುಲದ ಒಂದು ಆಫ್ರಿಕದ ಅಣಬೆಯ ಕೊಡೆ 1 ಮೀಟರ್ ಅಗಲದವರೆಗೂ ಅರಳುತ್ತದೆ. ಚಿಪ್ಪು ಅಣಬೆಯನ್ನು ಭತ್ತದ ಹುಲ್ಲಿನಲ್ಲಿ ಮನೆಯಲ್ಲೇ ಬೆಳೆಯಬಹುದು, ಆದರೆ ಹುತ್ತದ ಅಣಬೆಗೆ ಗೆದ್ದಲೇ ಬೇಕು. ಅದಕ್ಕೇ ಹುತ್ತ ಅಗೆದು ಹಾಳು ಮಾಡಬೇಡಿ.

ಇನ್ನು ಪೌಷ್ಟಿಕಾಂಶ. ಹಸಿ ಅಣಬೆಯಲ್ಲಿ ಸುಮಾರು 90% ನೀರು. ಬಾಣಲೆ ತುಂಬಾ ಹಾಕಿದ್ದು ಹಿಡಿಯಷ್ಟಾಗುವುದು ಅದಕ್ಕೇ. 100 ಗ್ರಾಂ ಬಟನ್ ಅಣಬೆಯಲ್ಲಿ ಪ್ರೋಟೀನ್ ಸುಮಾರು 3 ಗ್ರಾಂ. ಮಾಂಸಕ್ಕೆ ಸಮ ಅನ್ನುವುದು ಜಾಸ್ತಿಯಾಯಿತು. ಕೊಬ್ಬು ತೀರಾ ಕಡಿಮೆ, ಪೊಟ್ಯಾಸಿಯಂ ಮತ್ತು ಬಿ ಗುಂಪಿನ ವಿಟಮಿನ್‌ಗಳು ಚೆನ್ನಾಗಿವೆ. ಅಣಬೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ವಸ್ತು ಬಿಸಿಲು ತಾಗಿದರೆ ವಿಟಮಿನ್ ಡಿ2 ಆಗುತ್ತದೆ. ಕತ್ತಲೆ ಕೋಣೆಯಲ್ಲಿ ಬೆಳೆದ ಅಂಗಡಿ ಅಣಬೆಯನ್ನು ಹೆಚ್ಚಿ ಮಧ್ಯಾಹ್ನದ ಬಿಸಿಲಿಗೆ ಅರ್ಧ ಗಂಟೆ ಇಟ್ಟರೂ ಇದು ಏರುತ್ತದೆ. ಕಕ್ಕಡದಲ್ಲಿ ಬಿಸಿಲೇ ಅಪರೂಪ ಅಲ್ವಾ, ಬೇಸಿಗೆಯಲ್ಲಿ ಮಾಡಿ ನೋಡಿ. ಕೋಶದ ಗೋಡೆ ಕೈಟಿನ್‌ನದು, ಏಡಿಯ ಚಿಪ್ಪಿನಲ್ಲಿರುವುದೂ ಅದೇ, ಸುಲಭಕ್ಕೆ ಅರಗದು. ಹಾಗಾಗಿ ಚೆನ್ನಾಗಿ ಬೇಯಿಸಿಯೇ ತಿನ್ನಿ.

ಹುಳ ತಿಂದ ಅಣಬೆ ವಿಷವಲ್ಲ ಅನ್ನುವ ಮಾತನ್ನು ನಂಬಬೇಡಿ. ಅಮನಿಟಾ ಎಂಬ ಕುಲದ ಮಾರಕ ಅಣಬೆಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿ ಶುರುವಾಗುವುದೇ ಸಾಮಾನ್ಯವಾಗಿ 6 ಗಂಟೆ ಕಳೆದ ಮೇಲೆ. ನಡುವೆ ಒಮ್ಮೆ ಹುಷಾರಾದಂತೆ ಕಂಡರೂ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಅನುಮಾನ ಬಂದರೆ, ಉಳಿದ ಅಣಬೆಯ ತುಂಡನ್ನೂ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ.