ಹಳಿ ಇತ್ತು, ದಾರಿ ಬಿಡಲಿಲ್ಲ: ಕೋಲ್ಕತ್ತದ ಟ್ರಾಮ್ ನಡೆದು ಬಂದ ಹಾದಿ

ಕೋಲ್ಕತ್ತದ ಧರ್ಮತಲಾದಲ್ಲಿ ನಿಂತು ‘ಟ್ರಾಮ್ ಗುಮ್ಟಿ’, ಅಂದರೆ ಟ್ರಾಮ್ ನಿಲ್ದಾಣ, ಎಲ್ಲಿ ಎಂದು ಕೇಳಿದರೆ ಹಣ್ಣು ಮಾರುವವರೂ ಕೈ ತೋರಿಸುತ್ತಾರೆ. ನಕ್ಷೆಯಲ್ಲಿ ಆ ಜಾಗದ ಹೆಸರು ಎಸ್ಪ್ಲನೇಡ್. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅಲ್ಲಿಂದ ಶ್ಯಾಮಬಜಾರಿಗೆ ಹೊರಟ 5ನೇ ನಂಬರಿನ ಟ್ರಾಮ್ ಹತ್ತಿದೆ. ಚಾಲಕನ ಬೆನ್ನ ಹಿಂದಿನ ಸೀಟು ಸಿಕ್ಕಿತು. ಅವರ ಎಡಗೈ ಹಿತ್ತಾಳೆಯ ಹಿಡಿಕೆಯ ಮೇಲೆ. ಕಾಲಿನಿಂದ ಒತ್ತಿದಾಗಲೆಲ್ಲ ನೆಲದಡಿಯ ಗಂಟೆ ಟಣ್ ಟಣ್ ಎನ್ನುತ್ತಿತ್ತು. ವೆಲ್ಲಿಂಗ್ಟನ್ ತಿರುವಿನಲ್ಲಿ ಟ್ರಾಮಿಗೆ ವಿದ್ಯುತ್ ತರುವ ಮೇಲಿನ ಕಂಬಿ ತಂತಿಯಿಂದ ಜಾರಿತು. ದೀಪ ಆರಿತು, ಫ್ಯಾನ್ ನಿಂತಿತು. ಕಂಡಕ್ಟರ್ ಕೆಳಗಿಳಿದು, ಹಿಂಬದಿಗೆ ಕಟ್ಟಿದ್ದ ಹಗ್ಗವನ್ನು ಎಳೆದು, ಕತ್ತೆತ್ತಿ ನೋಡುತ್ತಾ ಕಂಬಿಯನ್ನು ಮತ್ತೆ ತಂತಿಗೆ ಕೂರಿಸಿದರು. ಬಾವಿಯಿಂದ ನೀರು ಸೇದುವಷ್ಟೇ ಸಹಜವಾದ ಕೆಲಸ. ಪತ್ರಿಕೆ ಓದುತ್ತಿದ್ದವರು ತಲೆ ಎತ್ತಲಿಲ್ಲ, ತರಕಾರಿ ಚೀಲ ಹಿಡಿದ ಹೆಂಗಸು ಮಾತು ನಿಲ್ಲಿಸಲಿಲ್ಲ. ಮುಂದೆ ಕಾಲೇಜ್ ಸ್ಟ್ರೀಟಿನಲ್ಲಿ ಪುಸ್ತಕದಂಗಡಿಗಳು ಎಷ್ಟು ಹತ್ತಿರ ಬಂದವೆಂದರೆ, ಕಿಟಕಿಯಿಂದಲೇ ಪುಸ್ತಕಗಳ ಬೆನ್ನಿನ ಮೇಲಿನ ಹೆಸರು ಓದಬಹುದಿತ್ತು.

ರೈಲು, ಟ್ರಾಮುಗಳ ಹುಚ್ಚು ಇರುವವರು ದೂರ ದೂರದ ದೇಶಗಳಿಂದ ಕೋಲ್ಕತ್ತಕ್ಕೆ ಬರುವುದು ಇದಕ್ಕಾಗಿಯೇ. ಭಾರತದಲ್ಲಿ ಇನ್ನೆಲ್ಲೂ ಇದು ಉಳಿದಿಲ್ಲ. ಕಾನ್ಪುರ 1933ರಲ್ಲಿ, ಮದ್ರಾಸು 1953ರಲ್ಲಿ, ದೆಹಲಿ 1963ರಲ್ಲಿ, ಮುಂಬೈ 1964ರಲ್ಲಿ ಟ್ರಾಮಿಗೆ ವಿದಾಯ ಹೇಳಿದವು. ಬೆಂಗಳೂರಿಗಂತೂ ಟ್ರಾಮ್ ಬರಲೇ ಇಲ್ಲ. ಹಾಗಾಗಿ ನಮ್ಮ ದೇಶದಲ್ಲೇ ಟ್ರಾಮ್ ಹತ್ತಬೇಕೆಂಬ ಆಸೆಯಿರುವ ಕನ್ನಡಿಗರು ಹೌರಾ ರೈಲು ಹಿಡಿಯದೆ ಬೇರೆ ದಾರಿಯಿಲ್ಲ. ಆದರೆ 2024ರ ಸೆಪ್ಟೆಂಬರಿನಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಟ್ರಾಮ್ ಸಂಚಾರವನ್ನು ನಿಲ್ಲಿಸುವುದಾಗಿ ಹೇಳಿತು. ಎಸ್ಪ್ಲನೇಡಿನಿಂದ ‘ಮೈದಾನ’ ಎಂದೇ ಹೆಸರಾದ ನಗರದ ನಡುವಿನ ದೊಡ್ಡ ಬಯಲಿನವರೆಗಿನ ಒಂದು ತುಣುಕನ್ನು ಮಾತ್ರ ಪಾರಂಪರಿಕ ಸವಾರಿಯಾಗಿ ಉಳಿಸಿಕೊಳ್ಳುವುದು ಅದರ ಯೋಜನೆ. ಈ ಮಾತು ಎಲ್ಲಿಂದ ಹುಟ್ಟಿತು ಎಂಬುದನ್ನು ತಿಳಿಯಲು ಒಂದೂವರೆ ಶತಮಾನ ಹಿಂದಕ್ಕೆ ಹೋಗಬೇಕು.

1873ರ ಫೆಬ್ರುವರಿ 24ರಂದು ಸಿಯಾಲ್ದಹದಿಂದ ಹೂಗ್ಲಿ ನದಿಯ ದಡದ ಆರ್ಮೇನಿಯನ್ ಘಾಟ್‌ವರೆಗೆ, ಸುಮಾರು 3.9 ಕಿಲೊಮೀಟರ್ ದೂರ, ಕುದುರೆ ಎಳೆಯುವ ಟ್ರಾಮ್ ಓಡಿತು. ಸಾಕಷ್ಟು ಜನ ಹತ್ತಲಿಲ್ಲ. ಅದೇ ನವೆಂಬರಿನಲ್ಲಿ ನಿಂತೂ ಹೋಯಿತು. ಏಳು ವರ್ಷದ ನಂತರ, 1880ರಲ್ಲಿ, ಲಂಡನ್ನಿನಲ್ಲಿ ನೋಂದಣಿಯಾದ ಕಲ್ಕತ್ತಾ ಟ್ರಾಮ್‌ವೇಸ್ ಕಂಪನಿ ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ, ಹಳಿ ಹಾಕಿ ಎರಡನೇ ಸಲ ಶುರು ಮಾಡಿತು. ವೈಸ್‌ರಾಯ್ ರಿಪ್ಪನ್ ಅದನ್ನು ಉದ್ಘಾಟಿಸಿದರು. ಗಾಡಿ ಎಳೆಯಲು ಆಸ್ಟ್ರೇಲಿಯಾದಿಂದ ವೇಲರ್ ತಳಿಯ ಕುದುರೆಗಳು ಬಂದವು. ಬಂಗಾಳದ ಸೆಕೆ ಅವುಗಳಿಗೆ ಒಗ್ಗಲಿಲ್ಲ. 1882ರಲ್ಲಿ ಉಗಿ ಎಂಜಿನ್ ಕಟ್ಟಿ ನೋಡಿದರು. ಹೀಗಿದ್ದೂ ಶತಮಾನದ ಕೊನೆಯ ಹೊತ್ತಿಗೆ ಕಂಪನಿಯ ಲಾಯಗಳಲ್ಲಿ ಸಾವಿರದಷ್ಟು ಕುದುರೆಗಳಿದ್ದವು. ನಗರದ ನಡುವೆ ಅಷ್ಟು ಕುದುರೆಗಳ ಮೇವು, ನೀರು, ಲದ್ದಿ ಎಲ್ಲವನ್ನೂ ದಿನವೂ ನೋಡಿಕೊಳ್ಳುವುದೆಂದರೆ ಅದೇ ಒಂದು ಊರಿನ ಕೆಲಸ.

1902ರ ಮಾರ್ಚ್ 27ರಂದು ಎಸ್ಪ್ಲನೇಡಿನಿಂದ ಕಿದಿರ್‌ಪುರಕ್ಕೆ ವಿದ್ಯುತ್ ಟ್ರಾಮ್ ಹೊರಟಿತು. ಇದೇ ಭಾರತದ ಮೊದಲ ವಿದ್ಯುತ್ ಟ್ರಾಮ್ ಎಂದು ಹಲವರು ಬರೆಯುತ್ತಾರೆ. ಅದು ಸರಿಯಲ್ಲ, ಮದ್ರಾಸಿನಲ್ಲಿ 1895ರಲ್ಲೇ ವಿದ್ಯುತ್ ಟ್ರಾಮ್ ಓಡುತ್ತಿತ್ತು. ಕೋಲ್ಕತ್ತದ ಹೆಗ್ಗಳಿಕೆ ಮೊದಲು ಬಂದದ್ದರಲ್ಲಿಲ್ಲ, ಕಡೆಯವರೆಗೆ ನಿಂತದ್ದರಲ್ಲಿದೆ. ವಿದ್ಯುತ್ತಿನ ಜೊತೆಗೆ ಹಳಿಯ ಅಗಲವೂ ಬದಲಾಗಿ 4 ಅಡಿ 8½ ಅಂಗುಲದ ಸ್ಟ್ಯಾಂಡರ್ಡ್ ಗೇಜ್ ಆಯಿತು. ಬೆಂಗಳೂರಿನ ನಮ್ಮ ಮೆಟ್ರೊ ಓಡುತ್ತಿರುವುದೂ ಇದೇ ಅಳತೆಯ ಹಳಿಯ ಮೇಲೆ.

ಮುಂದಿನ ಅರ್ಧ ಶತಮಾನ ಟ್ರಾಮ್ ಈ ಊರಿನ ಕಾಲಾಗಿತ್ತು. 1943ರಲ್ಲಿ ಹೌರಾ ಸೇತುವೆ ತೆರೆದಾಗ ಅದರ ಮೇಲೆ ಮೊದಲು ದಾಟಿದ ವಾಹನ ಒಂದು ಒಂಟಿ ಟ್ರಾಮ್. ಜನರಿಗೆ ಟ್ರಾಮ್ ಎಷ್ಟು ಹತ್ತಿರದ್ದಾಗಿತ್ತು ಎಂಬುದಕ್ಕೆ 1953ರ ಜುಲೈ ತಿಂಗಳೇ ಸಾಕ್ಷಿ. ಆಗಲೂ ಬ್ರಿಟಿಷರ ಕೈಯಲ್ಲೇ ಇದ್ದ ಕಂಪನಿ ಎರಡನೇ ದರ್ಜೆಯ ಟಿಕೆಟ್ ದರವನ್ನು ಒಂದು ಪೈಸೆ ಏರಿಸಿತು. ರೂಪಾಯಿಗೆ 64 ಪೈಸೆ ಇದ್ದ ಹಳೆಯ ಲೆಕ್ಕದ ಪೈಸೆ ಅದು. ದೇಶ ವಿಭಜನೆಯಲ್ಲಿ ಎಲ್ಲವನ್ನೂ ಬಿಟ್ಟು ಬಂದ ನಿರಾಶ್ರಿತರಿಂದ ತುಂಬಿದ್ದ ನಗರಕ್ಕೆ ಆ ಒಂದು ಪೈಸೆ ಭಾರವಾಯಿತು. ಜನ ಹಳೆಯ ದರವನ್ನೇ ಕೊಡುತ್ತೇವೆಂದು ಪಟ್ಟು ಹಿಡಿದರು. ಟ್ರಾಮುಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿತು, ಬಂದ್ ಆಯಿತು. ಕೊನೆಗೆ ಏರಿಕೆಯನ್ನು ಕೈಬಿಡಬೇಕಾಯಿತು. ಒಂದು ವಾಹನದ ಮೇಲೆ ಇಷ್ಟು ಹಕ್ಕು ಚಲಾಯಿಸಿದ ಊರು ಇನ್ನೊಂದಿದೆಯೇ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಮರುವರ್ಷವೇ, 1954ರ ಅಕ್ಟೋಬರಿನಲ್ಲಿ, ಕವಿ ಜೀವನಾನಂದ ದಾಸ್ ದಕ್ಷಿಣ ಕೋಲ್ಕತ್ತದಲ್ಲಿ ಟ್ರಾಮಿಗೆ ಸಿಕ್ಕಿ ಗಾಯಗೊಂಡು, ಎಂಟು ದಿನಗಳ ನಂತರ ತೀರಿಕೊಂಡರು. ಬಂಗಾಳಿಗಳು ಟ್ರಾಮ್ ವಿಷಯ ಎತ್ತಿದರೆ ಆ ನೋವೂ ಜೊತೆಗೆ ಬರುತ್ತದೆ.

1967ರಲ್ಲಿ ಆಡಳಿತ ರಾಜ್ಯ ಸರ್ಕಾರದ ಕೈಗೆ ಬಂತು, 1976ರಲ್ಲಿ ರಾಷ್ಟ್ರೀಕರಣವಾಯಿತು. ಅಲ್ಲಿಂದಾಚೆಯದು ಒಂದೊಂದೇ ಕೊಂಬೆ ಕಡಿದ ಕಥೆ. ಎಪ್ಪತ್ತರ ದಶಕದಲ್ಲಿ ಮೆಟ್ರೊಗಾಗಿ ರಸ್ತೆಗಳನ್ನು ಅಗೆದರು. 1984ರ ಅಕ್ಟೋಬರಿನಲ್ಲಿ ದೇಶದ ಮೊದಲ ಮೆಟ್ರೊ ಇದೇ ಎಸ್ಪ್ಲನೇಡಿನಿಂದ ಭವಾನಿಪುರಕ್ಕೆ ಹೊರಟಿತು. 1992ರಲ್ಲಿ ಟ್ರಾಮ್ ಕಂಪನಿಯೇ ಬಸ್ಸುಗಳನ್ನು ಓಡಿಸತೊಡಗಿತು. 1993ರಲ್ಲಿ ಹೌರಾ ಸೇತುವೆಯ ಮೇಲೆ ಟ್ರಾಮ್ ನಿಂತಿತು.

ಆದರೆ ನಿಜವಾದ ಪೆಟ್ಟು ಬಿದ್ದದ್ದು 2000ದ ನಂತರ, ಅದೂ ದುರಸ್ತಿಯ ಹೆಸರಿನಲ್ಲಿ. ಅದಕ್ಕೂ ಮೊದಲು ಅಗಲವಾದ ಅನೇಕ ರಸ್ತೆಗಳಲ್ಲಿ ಟ್ರಾಮ್ ಹಳಿಗಳು ನಡುವೆ ಪ್ರತ್ಯೇಕವಾಗಿದ್ದವು. ಸುತ್ತ ಹುಲ್ಲು, ಅಂಚಿಗೆ ಕಲ್ಲು. ಕಾರು, ಬಸ್ಸು ಅತ್ತ ಬರುವಂತಿರಲಿಲ್ಲ. ರಸ್ತೆಯಲ್ಲಿ ಎಷ್ಟೇ ಗದ್ದಲವಿರಲಿ, ಟ್ರಾಮ್ ತನ್ನ ಪಾಡಿಗೆ ತಾನು ಸಾಗುತ್ತಿತ್ತು. ಹಳಿಗಳನ್ನು ಕಾಂಕ್ರೀಟಿನಲ್ಲಿ ಹೂತು ಇಡೀ ರಸ್ತೆಯನ್ನು ಸಮತಟ್ಟು ಮಾಡಿದ ಮೇಲೆ ಆ ಜಾಗ ಎಲ್ಲರದೂ ಆಯಿತು. ಕಾರುಗಳ ಹಿಂದೆ ಟ್ರಾಮ್ ಕಾಯುತ್ತಾ ನಿಂತಿತು. ಪಕ್ಕಕ್ಕೆ ಸರಿದು ಮುಂದೆ ಹೋಗೋಣವೆಂದರೆ ಅದಕ್ಕೆ ಚಕ್ರ ತಿರುಗಿಸುವ ಅವಕಾಶವೇ ಇಲ್ಲ. ಹತ್ತುವವರು ಎರಡೂ ಕಡೆ ವಾಹನಗಳು ನುಗ್ಗುವ ರಸ್ತೆಯ ನಟ್ಟನಡುವೆ ನಿಲ್ಲಬೇಕಾಯಿತು. ಮಕ್ಕಳನ್ನು ಕರೆದುಕೊಂಡು ಬರುವವರು, ವಯಸ್ಸಾದವರು ದೂರವಾದರು. ಆಮೇಲೆ ‘ಟ್ರಾಮ್ ನಿಧಾನ, ಜನ ಹತ್ತುವುದಿಲ್ಲ, ರಸ್ತೆಗೆ ಅಡ್ಡಿ’ ಎಂಬ ಮಾತು ಶುರುವಾಯಿತು. ಕಾಲು ಕಟ್ಟಿಹಾಕಿ ಓಡಲಿಲ್ಲವೆಂದು ದೂರಿದರೆ ಹೇಗೆ?

2020ರ ಮೇ ತಿಂಗಳಲ್ಲಿ ಆಂಫನ್ ಚಂಡಮಾರುತ ಮರಗಳನ್ನು ಉರುಳಿಸಿ ತಂತಿಗಳನ್ನು ಹರಿದು ಹಾಕಿತು. ಮೈದಾನದ ಹಸಿರಿನ ನಡುವೆ ಕಿದಿರ್‌ಪುರಕ್ಕೆ ಸಾಗುತ್ತಿದ್ದ ದಾರಿ, ಅಂದರೆ 1902ರ ಆ ಮೊದಲ ವಿದ್ಯುತ್ ಮಾರ್ಗ, ಆಗ ನಿಂತಿತು. ಹಿಂದೊಮ್ಮೆ ಮೂವತ್ತಕ್ಕೂ ಹೆಚ್ಚು ಮಾರ್ಗಗಳಿದ್ದ ಊರು 2023ರಲ್ಲಿ ಟ್ರಾಮಿನ 150ನೇ ವರ್ಷವನ್ನು ಆಚರಿಸಿದಾಗ ಕೈಬೆರಳಲ್ಲಿ ಎಣಿಸುವಷ್ಟೇ ಉಳಿದಿದ್ದವು. 2024ರ ಮಾರ್ಚಿನಲ್ಲಿ ಹೂಗ್ಲಿ ನದಿಯ ತಳದ ಸುರಂಗದಲ್ಲಿ ಎಸ್ಪ್ಲನೇಡಿಗೂ ಹೌರಾ ಮೈದಾನಕ್ಕೂ ಮೆಟ್ರೊ ಓಡತೊಡಗಿತು. ನದಿಯ ಕೆಳಗಿನ 520 ಮೀಟರ್ ಮುಕ್ಕಾಲು ನಿಮಿಷದಲ್ಲಿ ಮುಗಿಯುತ್ತದೆ. ದೇಶದಲ್ಲಿ ಇದು ಮೊದಲ ಬಾರಿ, ಸಂತೋಷಪಡಬೇಕಾದ ಕೆಲಸವೇ. ಅದೇ ವರ್ಷ, ಆರು ತಿಂಗಳ ನಂತರ, ಟ್ರಾಮ್ ನಿಲ್ಲಿಸುವ ಘೋಷಣೆ ಬಂತು.

ಸರ್ಕಾರದ ವಾದವನ್ನೂ ಹೇಳಬೇಕು. ಕೋಲ್ಕತ್ತದ ಒಟ್ಟು ವಿಸ್ತೀರ್ಣದಲ್ಲಿ ರಸ್ತೆಯ ಪಾಲು ಶೇ 6 ಮಾತ್ರ, ಮುಂಬೈಯಲ್ಲಿ ಶೇ 18, ದೆಹಲಿಯಲ್ಲಿ ಶೇ 10 ಎಂಬುದು ಸಾರಿಗೆ ಸಚಿವರು ಕೊಟ್ಟ ಲೆಕ್ಕ. ಇಕ್ಕಟ್ಟು ಸುಳ್ಳಲ್ಲ. ಆದರೆ ಜಾಗ ಕಡಿಮೆ ಇರುವ ಊರಿನಲ್ಲಿ ಒಬ್ಬರೇ ಕುಳಿತ ಕಾರಿಗಿಂತ ಹತ್ತಾರು ಜನರನ್ನು ಹೊತ್ತ, ಹೊಗೆ ಉಗುಳದ ಗಾಡಿಗೆ ಮೊದಲು ದಾರಿ ಬಿಡಬೇಕಲ್ಲವೇ? ಟ್ರಾಮ್ ಬಳಕೆದಾರರ ಸಂಘದವರು ವರ್ಷಗಳಿಂದ ಕೇಳುತ್ತಿರುವುದು ಇಷ್ಟನ್ನೇ. ಈ ವ್ಯಾಜ್ಯ ಕಲ್ಕತ್ತಾ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು.

ಮೈದಾನದ ಸುತ್ತಿನ ಪಾರಂಪರಿಕ ಸವಾರಿಯನ್ನು ನಾನು ಬೇಡ ಎನ್ನುವುದಿಲ್ಲ. ಅದು ಚೆಂದವೇ ಇರುತ್ತದೆ. ಎಸ್ಪ್ಲನೇಡಿನಲ್ಲಿ 1938ರ ಹಳೆಯ ಗಾಡಿಯೊಳಗೆ 2014ರಲ್ಲಿ ತೆರೆದ ‘ಸ್ಮರಣಿಕಾ’ ವಸ್ತುಸಂಗ್ರಹಾಲಯವೂ ಚೆಂದ. ಹಳೆಯ ಟಿಕೆಟುಗಳನ್ನು, ಕಂಡಕ್ಟರ್ ಟೋಪಿಯ ಬಿಲ್ಲೆಗಳನ್ನು ಅಲ್ಲಿ ಸಮಾಧಾನವಾಗಿ ನೋಡಬಹುದು. ಆದರೆ ಮೆಲ್ಬರ್ನ್ ನಗರದ ಟ್ರಾಮ್ ಪ್ರಿಯರು 1996ರಿಂದ ‘ಟ್ರಾಮ್‌ಜಾತ್ರಾ’ ಎಂಬ ಹೆಸರಿನಲ್ಲಿ ಇಲ್ಲಿನವರ ಜೊತೆ ಸೇರಿ ಹಬ್ಬ ಮಾಡುತ್ತಾ ಬಂದದ್ದು ಗಾಜಿನ ಪೆಟ್ಟಿಗೆಯಲ್ಲಿಟ್ಟ ಟ್ರಾಮಿಗಾಗಿ ಅಲ್ಲ. ನೋಡಲು ಹೋದವರಿಗೆ ಕಾಣಬೇಕಾದದ್ದು ಆ ತರಕಾರಿ ಚೀಲದ ಹೆಂಗಸು. ಅವರು ಇಳಿದು ಹೋದ ಮೇಲೆ ಉಳಿಯುವುದು ಹಳಿಯ ಮೇಲೊಂದು ಆಟಿಕೆ.

ಹೋಗುವವರು ಯಾವ ಮಾರ್ಗ ಓಡುತ್ತಿದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಓಡುತ್ತಿದ್ದರೆ ಬೆಳಿಗ್ಗೆ ಬೇಗ, ರಸ್ತೆ ಬಿಡುವಾಗಿರುವಾಗ ಹತ್ತಿ. ಮಾರ್ಗ ಕವಲೊಡೆಯುವ ಕೂಡುರಸ್ತೆ ಬಂದಾಗ ಮುಂದಕ್ಕೆ ಬಾಗಿ ನೋಡಿ. ಅಲ್ಲಿ ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದ ಒಬ್ಬರು ರಸ್ತೆಯ ನಡುವೆ ನಿಂತಿರುತ್ತಾರೆ. ಆಟೊ, ಬೈಕುಗಳ ಮಧ್ಯೆ ಬಗ್ಗಿ, ಹಳಿಯ ಸಂದಿಗೆ ಸಲಾಕೆಯ ತುದಿ ತೂರಿಸಿ ಒಮ್ಮೆ ಮೀಟುತ್ತಾರೆ. ಹಳಿಯ ನಾಲಗೆ ಟಕ್ಕೆಂದು ಪಕ್ಕಕ್ಕೆ ಸರಿಯುತ್ತದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು ಚಾಲಕನಿಗೆ ಕೈ ಬೀಸುತ್ತಾರೆ, ಟ್ರಾಮ್ ತಿರುಗುತ್ತದೆ.