ಫಾಕ್ಸ್‌ಪಿ3 ಪ್ರೋಟೀನನ್ನು ಚುಚ್ಚುಮದ್ದಾಗಿ ಕೊಡಲು ಬರುತ್ತದೆಯೇ?

ಪ್ರಶ್ನೆ: ನಮ್ಮ ತಾಯಿಗೆ ಆರು ವರ್ಷಗಳಿಂದ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಇಂಥ ಕಾಯಿಲೆಗಳನ್ನು ತಡೆಯುವ ಫಾಕ್ಸ್‌ಪಿ3 ಎಂಬ ಪ್ರೋಟೀನಿನ ಸಂಶೋಧನೆಗೆ 2025ರ ನೊಬೆಲ್ ಬಂದಿದೆಯೆಂದು ಓದಿದೆವು. ಆ ಪ್ರೋಟೀನನ್ನೇ ಔಷಧಿಯಾಗಿ ಕೊಡಲಾಗದೇ? ಅದು ಬರುವವರೆಗೆ ಈಗಿನ ಮಾತ್ರೆ ನಿಲ್ಲಿಸಬಹುದೇ? (ಮೂಡಿಗೆರೆ ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ತುರ್ತಿನದು, ಆದ್ದರಿಂದ ಅದಕ್ಕೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ದೇಹದ ರಕ್ಷಣಾ ಪಡೆ ತನ್ನದೇ ಕೀಲುಗಳ ಮೇಲೆ ಬೀಳುವ ಕಾಯಿಲೆಯಿದು; ಹತೋಟಿಯಲ್ಲಿಲ್ಲದಿದ್ದರೆ ಅದು ಕೀಲಿನ ಮೃದ್ವಸ್ಥಿಯನ್ನೂ ಮೂಳೆಯನ್ನೂ ಸವೆಸುತ್ತದೆ, ಮತ್ತು ಹಾಗೆ ಸವೆದದ್ದು ಮುಂದೆ ಎಂಥ ಔಷಧಿ ಬಂದರೂ ಮರಳುವುದಿಲ್ಲ.

ಈಗ ಪ್ರೋಟೀನಿನ ವಿಷಯಕ್ಕೆ ಬರೋಣ. ಕಾಫಿ ತೋಟದಲ್ಲಿ ಕಳೆ ಹೊಡೆಯುವ ಕೆಲಸವನ್ನು ನೀವು ಬಲ್ಲಿರಿ. ಕಳೆ ಯಾವುದು, ಹೊಸದಾಗಿ ನೆಟ್ಟ ಕಾಫಿ ಸಸಿ ಯಾವುದು ಎಂದು ಆಳುಗಳಿಗೆ ಮೊದಲೇ ತೋರಿಸಿರುತ್ತಾರೆ. ಆದರೂ ಕತ್ತಿ ಬೀಸುವ ಭರದಲ್ಲಿ ಸಸಿಗೇ ಏಟು ಬೀಳುವುದುಂಟು, ಅದಕ್ಕೇ ಜೊತೆಯಲ್ಲಿ ಮೇಸ್ತ್ರಿ ಇರಬೇಕು. ದೇಹದಲ್ಲಿಯೂ ಹೀಗೆಯೇ ಎರಡು ಹಂತದ ಕಾವಲಿದೆ. ಎದೆಗೂಡಿನೊಳಗಿನ ಥೈಮಸ್ ಗ್ರಂಥಿಯಲ್ಲಿ ಟಿ ಜೀವಕೋಶಗಳು (ರಕ್ಷಣಾ ಪಡೆಯ ಒಂದು ಬಗೆಯ ಬಿಳಿ ರಕ್ತಕಣಗಳು) ಬೆಳೆಯುವಾಗ, ನಮ್ಮದೇ ಅಂಗಾಂಶದ ಮೇಲೆ ಬೀಳುವಂಥವುಗಳಲ್ಲಿ ಹೆಚ್ಚಿನವು ಅಲ್ಲಿಯೇ ನಾಶವಾಗುತ್ತವೆ. ತಪ್ಪಿಸಿಕೊಂಡು ಹೊರಬಂದವುಗಳ ಕೈ ಹಿಡಿದು ತಡೆಯುವುದು ನಿಯಂತ್ರಕ ಟಿ ಜೀವಕೋಶಗಳ ಕೆಲಸ. ಸಹಾಯಕ ಟಿ ಜೀವಕೋಶಗಳೆಂಬ ಗುಂಪಿನಲ್ಲಿ ಇವು ಸುಮಾರು 5ರಿಂದ 10 ಶೇಕಡಾ ಮಾತ್ರ ಇರುತ್ತವೆ.

ಇವುಗಳ ಇರವನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಹುಟ್ಟಿದ ಮೂರನೆಯ ದಿನ ಥೈಮಸ್ ತೆಗೆದ ಇಲಿಮರಿಗಳಲ್ಲಿ ನಿರೋಧಕ ಶಕ್ತಿ ಕುಗ್ಗುವ ಬದಲು ಸ್ವಂತ ಅಂಗಗಳ ಮೇಲೆಯೇ ದಾಳಿ ನಡೆಯುತ್ತಿತ್ತು. ಆರೋಗ್ಯವಂತ ಇಲಿಯ ಟಿ ಜೀವಕೋಶಗಳನ್ನು ಕೊಟ್ಟರೆ ಆ ದಾಳಿ ನಿಲ್ಲುತ್ತಿತ್ತು. ಈ ಒಗಟಿನ ಬೆನ್ನು ಹತ್ತಿದ ಜಪಾನಿನ ಶಿಮೊನ್ ಸಕಾಗುಚಿ, ಕಾವಲಿನ ಜೀವಕೋಶಗಳನ್ನು ಗುರುತು ಹಿಡಿಯುವ ಬಗೆಯನ್ನು 1995ರಲ್ಲಿ ಪ್ರಕಟಿಸಿದರು. ಅಮೆರಿಕದ ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಇನ್ನೊಂದು ದಾರಿಯಿಂದ ಬಂದರು. ಮೈಯೆಲ್ಲ ಹೊಪ್ಪಳಿಕೆಯೆದ್ದು ಕೆಲವೇ ವಾರಗಳಲ್ಲಿ ಸಾಯುತ್ತಿದ್ದ ‘ಸ್ಕರ್ಫಿ’ ಎಂಬ ತಳಿಯ ಗಂಡು ಇಲಿಗಳಲ್ಲಿ ಕೆಟ್ಟಿದ್ದ ಜೀನ್ ಯಾವುದೆಂದು ಅವರು 2001ರಲ್ಲಿ ಪತ್ತೆಹಚ್ಚಿದರು. ಅದೇ ಫಾಕ್ಸ್‌ಪಿ3. ಟಿ ಜೀವಕೋಶವನ್ನು ನಿಯಂತ್ರಕ ಜೀವಕೋಶವಾಗಿಸುವುದು ಈ ಜೀನ್‌ನಿಂದ ತಯಾರಾಗುವ, ಅದೇ ಹೆಸರಿನ ಪ್ರೋಟೀನು. ಮನುಷ್ಯರಲ್ಲಿ ಈ ಜೀನ್ ಕೆಟ್ಟರೆ ಎಳೆಯ ಗಂಡುಮಕ್ಕಳಿಗೆ ನಿಲ್ಲದ ಭೇದಿ, ಮಧುಮೇಹ, ಇಸುಬು ಒಟ್ಟಿಗೇ ಬರುತ್ತವೆ. ಆ ಕಾಯಿಲೆಯ ಹೆಸರು ಐಪೆಕ್ಸ್. ಒಂದೇ ಒಂದು ಪ್ರೋಟೀನಿನ ಕೊರತೆಯಿಂದ ಇಷ್ಟು ಅಂಗಗಳು ಒಮ್ಮೆಗೇ ಹಾಳಾಗುತ್ತವೆ ಎಂಬುದನ್ನು ಓದಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ.

ಹಾಗಿದ್ದರೆ ಅದನ್ನೇ ಚುಚ್ಚಬಾರದೇಕೆ? ಫಾಕ್ಸ್‌ಪಿ3 ರಕ್ತದಲ್ಲಿ ಹರಿದಾಡುವ ಇನ್ಸುಲಿನ್‌ನಂಥ ಪ್ರೋಟೀನಲ್ಲ. ಅದು ಜೀವಕೋಶದ ಕೇಂದ್ರದೊಳಗೆ ಡಿಎನ್‌ಎಗೆ ಅಂಟಿಕೊಂಡು, ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ನಿರ್ಧರಿಸುತ್ತದೆ. ತೋಟದ ಮಾತಿನಲ್ಲಿಯೇ ಹೇಳುವುದಾದರೆ ಅದು ಮೇಸ್ತ್ರಿಯಲ್ಲ, ಒಬ್ಬ ಆಳನ್ನು ಮೇಸ್ತ್ರಿಯಾಗಿಸುವ ಅಧಿಕಾರ. ರಕ್ತಕ್ಕೆ ಚುಚ್ಚಿದ ಪ್ರೋಟೀನು ಸರಿಯಾದ ಜೀವಕೋಶವನ್ನು ಹುಡುಕಿ, ಅದರ ಪೊರೆ ದಾಟಿ, ಕೇಂದ್ರದವರೆಗೆ ಹೋಗಿ ಅಲ್ಲಿಯೇ ನೆಲೆಯೂರಲಾರದು.

ಆದರೆ ಆ ಅಧಿಕಾರದಿಂದ ನಡೆಯುವ ಕೆಲಸಗಳಲ್ಲಿ ಒಂದನ್ನು ಹೊರಗಿನಿಂದ ಮಾಡಿಸಲು ಸಾಧ್ಯವಿದೆ, ಮತ್ತು ನಿಮ್ಮ ತಾಯಿಯವರ ಕಾಯಿಲೆಗೆ ನೇರವಾಗಿ ಸಂಬಂಧಿಸಿದ್ದು ಇದೇ. ನಿಯಂತ್ರಕ ಜೀವಕೋಶಗಳ ಮೈಮೇಲೆ ಸಿಟಿಎಲ್‌ಎ-4 ಎಂಬ ಇನ್ನೊಂದು ಪ್ರೋಟೀನು ಇರುತ್ತದೆ. ಟಿ ಜೀವಕೋಶವೊಂದು ದಾಳಿಗೆ ಏಳಬೇಕಾದರೆ ಗುರಿಯ ಗುರುತಿನ ಜೊತೆಗೆ ‘ಹೊರಡು’ ಎಂಬ ಎರಡನೆಯ ಸೂಚನೆಯೂ ಬೇಕು. ಆ ಸೂಚನೆ ಕೊಡುವ ಅಣುಗಳನ್ನು ಸಿಟಿಎಲ್‌ಎ-4 ಹಿಡಿದುಕೊಂಡುಬಿಡುತ್ತದೆ. ಇದರ ಹೊರಭಾಗವನ್ನು ಪ್ರತಿಕಾಯದ ತುಂಡೊಂದಕ್ಕೆ ಜೋಡಿಸಿ ಮಾಡಿದ ಔಷಧಿ ಅಬಟಾಸೆಪ್ಟ್. ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಅಮೆರಿಕದಲ್ಲಿ 2005ರಲ್ಲಿಯೇ ಇದಕ್ಕೆ ಅನುಮತಿ ಸಿಕ್ಕಿದೆ. ನೀವು ಕೇಳಿದ ‘ತಡೆಯುವ ಪ್ರೋಟೀನಿನ ಔಷಧಿ’ಗೆ ಅತಿ ಹತ್ತಿರದ್ದು ಇದೇ ಎಂದು ನಾನು ಭಾವಿಸುತ್ತೇನೆ. ಈ ತಡೆ ಎಷ್ಟು ಮುಖ್ಯವೆಂಬುದಕ್ಕೆ ವಿರುದ್ಧ ದಿಕ್ಕಿನ ಸಾಕ್ಷಿಯೂ ಇದೆ: ಕ್ಯಾನ್ಸರ್ ಚಿಕಿತ್ಸೆಗಾಗಿ ಸಿಟಿಎಲ್‌ಎ-4ರ ಕೈ ಕಟ್ಟುವ ಇಪಿಲಿಮುಮ್ಯಾಬ್ ಔಷಧಿಯನ್ನು ಪಡೆದವರಲ್ಲಿ ಹಲವರಿಗೆ ಕರುಳಿನ ಉರಿಯೂತ, ಚರ್ಮದ ದದ್ದು, ಹಾರ್ಮೋನು ಗ್ರಂಥಿಗಳ ತೊಂದರೆ ಕಾಣಿಸಿಕೊಳ್ಳುತ್ತದೆ.

ರೋಗಿಯದೇ ನಿಯಂತ್ರಕ ಜೀವಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಹೆಚ್ಚಿಸಿ, ಮರಳಿ ಕೊಡುವ ಚಿಕಿತ್ಸೆ ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಉರಿಯೂತದ ನಡುವೆ ಸಿಕ್ಕ ಕೆಲವು ಜೀವಕೋಶಗಳು ಫಾಕ್ಸ್‌ಪಿ3 ಕಳೆದುಕೊಂಡು ತಾವೇ ದಾಳಿಗೆ ಇಳಿಯುವುದು ಇಲಿಗಳ ಪ್ರಯೋಗಗಳಲ್ಲಿ ಕಂಡಿರುವುದರಿಂದ ಸಂಶೋಧಕರು ಎಚ್ಚರದಿಂದ ಹೆಜ್ಜೆಯಿಡುತ್ತಿದ್ದಾರೆ. ಅದಕ್ಕಾಗಿ ಈಗಿನ ಚಿಕಿತ್ಸೆಯನ್ನು ಕಾಯಿಸುವುದು ಸರಿಯಲ್ಲ.

ಮೆಥೊಟ್ರೆಕ್ಸೇಟಿನಿಂದ ನೋವು, ಊತ ಹತೋಟಿಯಲ್ಲಿದ್ದರೆ ಅಬಟಾಸೆಪ್ಟ್‌ನ ಅಗತ್ಯವೇ ಬಾರದಿರಬಹುದು; ಅದು ದುಬಾರಿ ಔಷಧಿಯೂ ಹೌದು. ಬೆಳಗಿನ ಬಿಗಿತ ಗಂಟೆಗಟ್ಟಲೆ ಉಳಿಯುತ್ತಿದ್ದರೆ, ಬೆರಳಿನ ಗೆಣ್ಣುಗಳು ಊದಿಕೊಂಡೇ ಇದ್ದರೆ, ಚಿಕ್ಕಮಗಳೂರಿನಲ್ಲಾಗಲಿ ಹಾಸನದಲ್ಲಾಗಲಿ ನೀವು ತೋರಿಸುವ ವೈದ್ಯರ ಬಳಿ, ಕೀಲುವಾತ ತಜ್ಞರಿಗೆ ಬರೆದುಕೊಡಿ ಎಂದು ಕೇಳಿ. ಅಬಟಾಸೆಪ್ಟ್ ಆರಂಭಿಸುವ ಮೊದಲು ಕ್ಷಯ ಮತ್ತು ಹೆಪಟೈಟಿಸ್ ಬಿ ಸೋಂಕು ಇದೆಯೇ ಎಂದು ಪರೀಕ್ಷಿಸುತ್ತಾರೆ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಎಂಬುದನ್ನು ಮನೆಯವರೆಲ್ಲ ನೆನಪಿಟ್ಟುಕೊಳ್ಳಿ, ಏಕೆಂದರೆ ಮರೆತು ದಿನವೂ ನುಂಗಿದವರ ಪ್ರಾಣಕ್ಕೇ ಅಪಾಯವಾದದ್ದಿದೆ. ಮಾತ್ರೆ ನುಂಗುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಇಂಥ ಔಷಧಿಯಲ್ಲಿರುವವರಿಗೆ ಜ್ವರ ಬಂದರೆ, ಅದರಲ್ಲೂ ಮಲೆನಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಡಿಸೆಂಬರ್‌ನಿಂದ ಮೇವರೆಗಿನ ತಿಂಗಳುಗಳಲ್ಲಿ, ಮನೆಯಲ್ಲಿ ಕಷಾಯ ಮಾಡಿಕೊಟ್ಟು ಕಾಯದೆ ಅದೇ ದಿನ ವೈದ್ಯರಿಗೆ ತೋರಿಸಿ, ಯಾವ ಔಷಧಿ ನಡೆಯುತ್ತಿದೆಯೆಂಬ ಚೀಟಿಯನ್ನೂ ಜೊತೆಗೆ ಒಯ್ಯಿರಿ.