ಪದ ಪರಿಚಯ: ಡಬ್ಲ್ಯೂಸಿ ಲೆಕ್ಕದ ‘ಸಾಲು’

“ಸರ್, ನೋಟ್‌ಪ್ಯಾಡ್‌ನಾಗ 500 ಸಾಲು ಅದಾವ್ರಿ. ಡಬ್ಲ್ಯೂಸಿ ಹೊಡೆದ್ರ 499 ಬರ್ತದ. ಲಿನಕ್ಸ್ ಒಂದು ಸಾಲು ನುಂಗ್ತದ್ರಿ.”

ರಾಯಚೂರು ಕಡೆಯ ಡೇಟಾ ಎಂಟ್ರಿ ಹುಡುಗರಿಂದ ಈ ದೂರು ಇನ್ನೂ ಎಷ್ಟು ಸಲ ಕೇಳಬೇಕೋ. ಲಿನಕ್ಸ್ ಏನನ್ನೂ ನುಂಗಿಲ್ಲ. ಡಬ್ಲ್ಯೂಸಿ (wc) ಅಂದರೆ ಫೈಲಿನ ಸಾಲು, ಪದ, ಬೈಟ್ ಎಣಿಸುವ ಕಮಾಂಡು. ನಾವು ಸಾಲು ಅನ್ನುವುದೇ ಬೇರೆ, ಡಬ್ಲ್ಯೂಸಿ ಎಣಿಸುವುದೇ ಬೇರೆ. ಅದರ ಮ್ಯಾನ್ ಪೇಜನ್ನು, ಅಂದರೆ ಕಮಾಂಡಿನ ಕೈಪಿಡಿಯನ್ನು, ತೆರೆದು ಮೊದಲ ವಾಕ್ಯ ಓದಿದರೆ ಸಾಕು: ಗ್ನೂ ಡಬ್ಲ್ಯೂಸಿ (ಲಿನಕ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಇದೇ) ತಾನು ‘ನ್ಯೂಲೈನ್’ ಎಣಿಸುತ್ತೇನೆ ಎಂದೇ ಹೇಳಿಕೊಂಡಿದೆ. ಯಾರೂ ಓದಲ್ಲ, ಅಷ್ಟೇ.

ನ್ಯೂಲೈನ್ ಅಂದರೆ ಸಾಲು ಮುಗಿಯಿತು ಎನ್ನುವ ಗುರುತು. ನೇಗಿಲ ಸಾಲನ್ನು ನೆನೆಸಿಕೊಳ್ಳಿ. ಬದುವಿನ ಮೇಲೆ ಕೂತವನು ಎತ್ತು ಎಷ್ಟು ಸಲ ತಿರುಗಿದವು ಅಂತ ಮಾತ್ರ ಎಣಿಸುತ್ತಾನೆ. ಕೊನೆಯ ಸಾಲು ಮುಗಿಸಿ, ಎತ್ತು ತಿರುಗಿಸದೆ ಅಲ್ಲೇ ನೊಗ ಬಿಚ್ಚಿದರೆ ಅವನ ಲೆಕ್ಕದಲ್ಲಿ ಒಂದು ಕಡಿಮೆ. ಹೊಲ ಪೂರ್ತಿ ಉತ್ತಿದೆ, ಎಣಿಸಿದವನೂ ಸುಳ್ಳು ಹೇಳಿಲ್ಲ.

ಈ ಗುರುತು ಎಲ್ಲಿಂದ ಬಂತು? ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹಳೇ ಮಷೀನ್ ಕುಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಂಚು ಹತ್ತಿರ ಬಂದಾಗ ಗಂಟೆ ಹೊಡೆಯುತ್ತದೆ. ಎಡಗೈಯಿಂದ ಲಿವರ್ ತಳ್ಳಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಕ್ಯಾರೇಜ್ ಸಾಲಿನ ಶುರುವಿಗೆ ಮರಳುತ್ತದೆ, ಕಾಗದ ಒಂದು ಸಾಲು ಮೇಲೇರುತ್ತದೆ. ಟೆಲಿಪ್ರಿಂಟರ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಸಂಕೇತ ಕಳಿಸಬೇಕಿತ್ತು. ಮರಳುವುದಕ್ಕೆ ಕ್ಯಾರೇಜ್ ರಿಟರ್ನ್, ಕಾಗದ ಸರಿಸುವುದಕ್ಕೆ ಲೈನ್ ಫೀಡ್. ಅಕ್ಷರ, ಗುರುತುಗಳಿಗೆ ನಂಬರು ಕೊಡುವ ಆಸ್ಕಿ ಪಟ್ಟಿಯಲ್ಲಿ ಅವು 13 ಮತ್ತು 10ನೇ ನಂಬರಿನವು. ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ಎರಡೇಕೆ ಅಂತ 10 ಒಂದನ್ನೇ ಇಟ್ಟುಕೊಂಡಿತು, ಡಬ್ಲ್ಯೂಸಿ ಎಣಿಸುವ ನ್ಯೂಲೈನ್ ಅದೇ. ಡಾಸ್ ಮತ್ತು ಅದರ ಹಿಂದೆ ಬಂದ ವಿಂಡೋಸ್ ಎರಡನ್ನೂ ಹೊತ್ತುಕೊಂಡವು. ಹಳೇ ಮ್ಯಾಕ್ 13 ಸಾಕು ಅಂದಿತು. ಹಾಗಾಗಿ ಆ ಕಾಲದ ಮ್ಯಾಕ್ ಫೈಲು ಸಾವಿರ ಸಾಲಿನದಿದ್ದರೂ ಡಬ್ಲ್ಯೂಸಿ ಸೊನ್ನೆ ತೋರಿಸುತ್ತದೆ. ವಿಂಡೋಸ್ ಫೈಲಿನಲ್ಲಿ ಸಾಲಿನ ಎಣಿಕೆ ಸರಿಯಾಗೇ ಬರುತ್ತದೆ, ಸಾಲಿಗೊಂದು ಬೈಟ್ ಮಾತ್ರ ಜಾಸ್ತಿ.

ಕೈಯಾರೆ ನೋಡಬೇಕಾ? ಪ್ರಿಂಟ್‌ಎಫ್ (printf) ಕಮಾಂಡು ಬಳಸಿ ಬಳ್ಳಾರಿ, ರಾಯಚೂರು, ಕೊಪ್ಪಳ ಅಂತ ಮೂರು ಹೆಸರು ಒಂದರ ಕೆಳಗೊಂದು ಬರುವಂತೆ ಫೈಲಿಗೆ ಹಾಕಿ. ಕೊಪ್ಪಳದ ನಂತರ ನ್ಯೂಲೈನ್ ಹಾಕಬೇಡಿ. ಈಗ ಡಬ್ಲ್ಯೂಸಿ ಹೊಡೆದರೆ ಬರುವುದು 2, 3, 62. ಸಾಲು ಎರಡು, ಪದ ಮೂರು, ಬೈಟ್ ಅರವತ್ತೆರಡು. ಕೊಪ್ಪಳ ಎಲ್ಲೂ ಹೋಗಿಲ್ಲ, ಪದದ ಲೆಕ್ಕದಲ್ಲಿ ಇದೆಯಲ್ಲ! ಯುನಿಕ್ಸ್ ಥರದ ಸಿಸ್ಟಮ್ಮುಗಳ ಮಾನದಂಡವಾದ ಪಾಸಿಕ್ಸ್ ನಿಯಮದ ಪ್ರಕಾರ ಕೊನೆಗೆ ನ್ಯೂಲೈನ್ ಇದ್ದರೆ ಮಾತ್ರ ಅದು ಸಾಲು. ಇಲ್ಲದ್ದು ‘ಅಪೂರ್ಣ ಸಾಲು’.

ಇದು ಸುಮ್ನೆ ಮೊಂಡು ನಿಯಮ ಅನ್ನುವವರು ಒಂದು ಕೆಲಸ ಮಾಡಲಿ. ವಿಜಯನಗರ, ಕಲಬುರಗಿ ಅಂತ ಎರಡು ಸಾಲಿನ ಇನ್ನೊಂದು ಫೈಲು ಮಾಡಿ, ಇದರಲ್ಲಿ ಕೊನೆಯ ನ್ಯೂಲೈನನ್ನೂ ಹಾಕಿ, ಕ್ಯಾಟ್ (cat) ಕಮಾಂಡಿನಿಂದ ಎರಡೂ ಫೈಲು ಜೋಡಿಸಲಿ. ಮೂರನೇ ಸಾಲು ‘ಕೊಪ್ಪಳವಿಜಯನಗರ’ ಆಗಿರುತ್ತದೆ. ಒಟ್ಟು ಸಾಲು ನಾಲ್ಕು. ಡಬ್ಲ್ಯೂಸಿ ಮೊದಲೇ ಹೇಳಿದ್ದೂ ಎರಡು ಮತ್ತು ಎರಡು. ಆಗ ಮೂರು ಅಂದಿದ್ದರೆ ಈ ಲೆಕ್ಕ ಕೂಡುತ್ತಲೇ ಇರಲಿಲ್ಲ. 499 ಬಂದಾಗ ಬೈಯುವ ಬದಲು ಫೈಲಿನ ಬಾಲ ನೋಡಿ. ನಿಮಗೆ ಆ ಅಪೂರ್ಣ ಸಾಲೂ ಲೆಕ್ಕಕ್ಕೆ ಬೇಕೇ ಬೇಕಾದರೆ ಸಾಲು ಹುಡುಕುವ ಗ್ರೆಪ್ ಕಮಾಂಡಿಗೆ ಹೈಫನ್ ಸಿ ಮತ್ತು ಖಾಲಿ ಕೋಟ್ ಕೊಡಿ (grep -c ''), ಅದು 500 ಅನ್ನುತ್ತದೆ.

ಇನ್ನು ಸಾಲು ಅಂದರೆ ಒಬ್ಬ ಮನುಷ್ಯ, ಒಂದು ಬಿಲ್ಲು, ಒಂದು ಲೋಡು ಅಂದುಕೊಳ್ಳುವವರು. ಗಂಗಾವತಿಯ ರೈಸ್ ಮಿಲ್ಲಿನ ಲಾರಿ ಪಟ್ಟಿಯನ್ನು ಸಿಎಸ್‌ವಿ (ಕಾಲಮ್ಮುಗಳ ನಡುವೆ ಅಲ್ಪವಿರಾಮ ಇರುವ ಪಠ್ಯ ಫೈಲು) ಮಾಡಿದರೆ ಮೊದಲ ಸಾಲು ತಲೆಬರಹ. ವಿಳಾಸದ ಕಾಲಮ್ಮಿನೊಳಗೆ ಯಾರೋ ಎಂಟರ್ ಒತ್ತಿದ್ದರೆ ಒಂದೇ ಲಾರಿ ಎರಡು ಸಾಲು. ನಡುವಿನ ಖಾಲಿ ಸಾಲೂ ಸಾಲೇ. ಡಬ್ಲ್ಯೂಸಿಗೆ ಲಾರಿ ಗೊತ್ತಿಲ್ಲ.

ಪದದ ವಿಷಯ ಚಿಕ್ಕದು. ಜಾಗ, ಟ್ಯಾಬ್, ನ್ಯೂಲೈನ್‌ಗಳ ನಡುವೆ ಸಿಕ್ಕಿದ್ದೆಲ್ಲ ಒಂದು ಪದ. ಹಾಗಾಗಿ ‘ಹೋಗಬೇಕಾಗಿತ್ತು’ ಒಂದೇ ಪದ. ‘ರಾಯಚೂರು - ಬಳ್ಳಾರಿ’ ಮೂರು, ನಡುವಿನ ಗೆರೆಗೆ ಎರಡೂ ಬದಿ ಜಾಗ ಬಿಟ್ಟಿದ್ದಕ್ಕೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಅಲ್ಪವಿರಾಮದ ಹಿಂದೆಯೂ ಸ್ಪೇಸ್ ಒತ್ತುವ ಚಾಳಿ ಇದೆಯಲ್ಲ, ಅಲ್ಲಿ ಒಂದೊಂದು ಅಲ್ಪವಿರಾಮವೂ ಒಂದೊಂದು ಪದ. ಪದಕ್ಕಿಷ್ಟು ಅಂತ ದುಡ್ಡು ಕೊಡುವವರು ಇದನ್ನು ಗಮನಿಸಿದರೆ ಒಳ್ಳೆಯದು.

ಕೊನೆಯ ಆ 62ನ್ನು ‘ಅಕ್ಷರ’ ಅಂತ ಬರೆಯುವವರೂ ಇದ್ದಾರೆ. ಅಕ್ಷರಗಳನ್ನು ಬೈಟ್ ಆಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ಬಳ್ಳಾರಿ’ಯಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಬ, ಳ, ಹಲಂತ, ಳ, ಆಕಾರದ ಗುರುತು, ರ, ಇಕಾರದ ಗುರುತು ಸೇರಿ ಏಳು. ಬೈಟ್ ಲೆಕ್ಕದಲ್ಲಿ ಇಪ್ಪತ್ತೊಂದು. ಡಬ್ಲ್ಯೂಸಿಗೆ ಹೈಫನ್ ಸಿ ಕೊಟ್ಟರೆ ಬೈಟ್ ಸಿಗುತ್ತದೆ, ಹೈಫನ್ ಎಂ ಕೊಟ್ಟರೆ ಸಂಕೇತಗಳು, ಅದೂ ಲೊಕೇಲ್ (ಸಿಸ್ಟಮ್ಮಿನ ಭಾಷೆಯ ಸೆಟ್ಟಿಂಗು) ಯುಟಿಎಫ್-8 ಆಗಿದ್ದರೆ. ಕಣ್ಣಿಗೆ ಕಾಣುವ ಅಕ್ಷರ ಎಣಿಸುವ ಆಯ್ಕೆ ಡಬ್ಲ್ಯೂಸಿಯಲ್ಲಿ ಇಲ್ಲ. ಕೊಪ್ಪಳದವರಿಗೆ ಇನ್ನೂ ಒಂದು ತೊಡಕು: ‘ಕೊ’ದ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಗುರುತುಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹೈಫನ್ ಎಂ ಮಾತ್ರ ಒಂದಕ್ಕೆ 6 ಅನ್ನುತ್ತದೆ, ಇನ್ನೊಂದಕ್ಕೆ 7.